ಬರ್ಫಿ ಡಬ್ಬಿಯ ಪಕ್ಕ

ನರಹರಿ ಸರ್ ಬೆಳಗಿನಿಂದ ಅದೊಂದೇ ಚಿತ್ರವನ್ನು ಮೊಮ್ಮಗಳ ಫೋಟೊದಂತೆ ಬಂದವರಿಗೆಲ್ಲ ತೋರಿಸುತ್ತಿದ್ದರು. ಇಲಿಯ ಮಿದುಳಿನ ಸ್ಕ್ಯಾನ್, ಎಡಗಡೆ ದೊಡ್ಡದೊಂದು ಕಪ್ಪು ಕಲೆ. “ಎಷ್ಟು ಚಂದ ತೆರದೈತಿ ನೋಡ್ರಿ!” ಎಂದಾಗಲೆಲ್ಲ ಅವರ ಶಿಷ್ಯೆ ಮೃದುಲಾ ಲ್ಯಾಬಿನ ಫ್ರಿಜ್ಜಿನ ಕಡೆ ನೋಡುತ್ತಿದ್ದಳು.

ರಕ್ತದಲ್ಲಿನ ಔಷಧ ಮಿದುಳಿಗೆ ಇಳಿಯದಂತೆ ರಕ್ತನಾಳದ ಗೋಡೆ ಕಾವಲು ಕಾಯುತ್ತದೆ. ಅಲ್ಟ್ರಾಸೌಂಡ್‌ನಿಂದ ಆ ಗೋಡೆಯನ್ನು ಒಂದಿಷ್ಟು ಹೊತ್ತು ಸಡಿಲಿಸುವುದೇ ಇವರ ಪ್ರಯೋಗ. ಇಲಿಯ ಬಾಲಕ್ಕೆ ಚುಚ್ಚಿದ ಕಬ್ಬಿಣದ ನ್ಯಾನೊಕಣಗಳು ನುಸುಳಿದ ಕಡೆ ಸ್ಕ್ಯಾನ್ ಕಪ್ಪಾಗುತ್ತದೆ. ಆದರೆ ನಾಳ ಒಡೆದು ಸೋರಿದ ರಕ್ತವೂ ಅಷ್ಟೇ ಕಪ್ಪಾಗಿ ಕಾಣುತ್ತದೆ.

ಮೊದಮೊದಲು ಏನೂ ಕಾಣುತ್ತಿರಲಿಲ್ಲ. ಇಲಿಯ ತಲೆಗೂದಲು ಸರಿಯಾಗಿ ಬೋಳಿಸಿರಲಿಲ್ಲ, ಹಚ್ಚಿದ ಜೆಲ್ ತುಂಬ ಗುಳ್ಳೆ, ಶಬ್ದ ಒಳಗೆ ಹೋಗಬೇಕಲ್ಲ! ಸರ್ ಅದನ್ನು ನೋಡದೆ ಅಲ್ಟ್ರಾಸೌಂಡಿನ ಶಕ್ತಿಯನ್ನೇ ಏರಿಸುತ್ತ ಹೋದರು. ನಿನ್ನೆ ಮೃದುಲಾ ಕೂದಲು ನುಣ್ಣಗೆ ತೆಗೆದು, ಗುಳ್ಳೆಯಿಲ್ಲದ ಜೆಲ್ ಹಚ್ಚಿದಳು. ಏರಿಸಿದ ಶಕ್ತಿಯನ್ನು ಇಳಿಸಲು ಇಬ್ಬರಿಗೂ ನೆನಪಾಗಲಿಲ್ಲ. ಇಲಿ ಸಂಜೆಯೊಳಗೆ ಸೆಟೆದು ಸೆಟೆದು ಸತ್ತಿತು. “ಅರಿವಳಿಕೆ ಜಾಸ್ತಿ ಆಗಿರಬೇಕು, ಬಿಡು,” ಎಂದರು ಸರ್. ಮೃದುಲಾ ಮಿದುಳನ್ನು ಕೊಯ್ದು ನೋಡಿದರೆ ಎಡಗಡೆಯೆಲ್ಲ ರಕ್ತದ ಕೆಸರು. ಅದನ್ನೂ ಅವರಿಗೆ ತೋರಿಸಿದ್ದಳು. ಅವರು ಮುಖ ತಿರುಗಿಸಿಕೊಂಡು ಹೋದರು.

ಇವತ್ತು ಬಂದವರು ಕನ್ನಡ ಬಾರದ ಸರ್ಜನ್ ಪ್ರವೀಣ್. ಈ ಫಲಿತಾಂಶ ನಂಬಿ, ಮಿದುಳಲ್ಲಿ ಗಡ್ಡೆಯಿರುವ ರೋಗಿಗಳ ಮೇಲೆ ಪ್ರಯೋಗ ಶುರುಮಾಡುವವರು. ಮೊದಲ ರೋಗಿ ಯಾರೆಂದೂ ಗೊತ್ತಾಗಿತ್ತು: ಇದೇ ಊರಿನ ಮಹಾಲ್ ಬಡಾವಣೆಯ ಒಬ್ಬ ಶಾಲಾ ಶಿಕ್ಷಕಿ.

ಮೇಜಿನ ಮೇಲೆ ಕಿತ್ತಳೆಹಣ್ಣಿನ ಸಂತ್ರಾ ಬರ್ಫಿ ಬಂತು. ಡಾಕ್ಟರು ಒಂದು ಎತ್ತಿಕೊಂಡು ಮರಾಠಿಯಲ್ಲಿ ಕೇಳಿದರು: “ಗೋಡೆ ಮತ್ತೆ ಮುಚ್ಚಿಕೊಂಡಿತಾ? ಇಲಿ ಹೇಗಿದೆ?”

“ಬರೋಬರ್ ಮುಚ್ಚಿತು. ಆರಾಮಾಗಿ ಓಡಾಡ್ತಿದೆ,” ಎಂದು ಸರ್ ಅದೇ ಭಾಷೆಯಲ್ಲಿ ಹೇಳಿ ಇಡೀ ಬರ್ಫಿ ಬಾಯಿಗೆ ಹಾಕಿಕೊಂಡರು. ಮೀಸೆಗೆ ಕಿತ್ತಳೆ ಪುಡಿ ಅಂಟಿತು. ಇಂಥವರ ಕೈಕೆಳಗೆ ಕಲಿತೆನಲ್ಲ ಎಂದು ಮೃದುಲಾಳಿಗೆ ತನ್ನ ಮೇಲೂ ಅಸಹ್ಯವಾಯಿತು. ಎದ್ದುಹೋಗಿ, ಫ್ರಿಜ್ಜಿನಲ್ಲಿಟ್ಟಿದ್ದ ಮಿದುಳಿನ ಹೋಳನ್ನು ಗಾಜಿನ ತಟ್ಟೆಯ ಸಮೇತ ತಂದು ಬರ್ಫಿ ಡಬ್ಬಿಯ ಪಕ್ಕ ಇಟ್ಟಳು.

ಪರರಿಗೆ ತಿಳಿಯಬಾರದ್ದನ್ನು ಕನ್ನಡದಲ್ಲಿ ಆಡಿಕೊಳ್ಳುವುದು ಅವರಿಬ್ಬರ ರೂಢಿ. ಸರ್ ಡಾಕ್ಟರ ಕಡೆ ನಗುತ್ತಲೇ ಹಲ್ಲು ಕಚ್ಚಿದರು: “ಹೇಸಿಗಿ! ತಿನ್ನೋ ಕಡೆ ಇದನ್ಯಾಕ ತಂದಿ? ಮೊದ್ಲ ತಗಿ!”

ಮೃದುಲಾ ಕನ್ನಡದಲ್ಲಿ ಉತ್ತರಿಸಲಿಲ್ಲ. ಡಾಕ್ಟರ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದಳು: “ಆರಾಮಾಗಿ ಓಡಾಡ್ತಿರೋ ಇಲಿ ಇದೇ, ಡಾಕ್ಟರ್. ಬೆಳಗಿನಿಂದ ಸರ್ ಚಂದ ಅಂತಿರೋದು ಈ ರಕ್ತಾನ.”

ಡಾಕ್ಟರು ಕೈಯಲ್ಲಿದ್ದ ಬರ್ಫಿಯನ್ನು ವಾಪಸು ಡಬ್ಬಿಗೆ ಹಾಕಿದರು.