ಹಿಸ್ಕೆ ಯಾವ ಶಾಲೆಗೆ ಹೋಗ್ತಾಳೆ

ಹನ್ನೆರಡು ವರ್ಷದ ಮಕ್ಕಳು ಮುಂದೆ ಯಾವ ಶಾಲೆಗೆ ಹೋಗಬೇಕು ಅಂತ ಮೇಷ್ಟ್ರು ಸಲಹೆ ಕೊಡೋ ಕಾಲ ಬಂತು ಅಂದ್ರೆ ನಮ್ಮ ಬಂದರಿನ ಊರು ಹಾರ್ಲಿಂಗೆನ್‌ನ ಅಪ್ಪಂದಿರಿಗೆಲ್ಲ ಜ್ವರ. ಸಮುದ್ರದ ಮೀನಿಗೂ ಬರುತ್ತೆ ಅಂತೀನಿ ನಾನು.

ಈ ಸಲ ಪಕ್ಕದ ಮನೆ ವೀಬೆಗೆ ಬಂತು. ಅವನ ಮಗಳು ಹಿಸ್ಕೆಗೆ ಮೇಷ್ಟ್ರು ಹೇಳಿದ್ದು ವಿಎಂಬಿಒ. ಅಂದ್ರೆ ನಾಲ್ಕು ವರ್ಷದ ಶಾಲೆ, ಪಾಠಾನೂ ಉಂಟು, ಕೈಕೆಲಸಾನೂ ಉಂಟು. ಅಪ್ಪನಿಗೆ ಬೇಕಾದ್ದು ಹಾವೊ, ಪುಸ್ತಕದ ಓದಿನ ಶಾಲೆ. ದಿನಾ ಸಂಜೆ ಟ್ಯೂಷನ್ ಹಾಕಿದ. ಹುಡುಗಿ ಊಟ ಬಿಟ್ಟು ಎಷ್ಟು ಸೊರಗಿದ್ಲು ಅಂದ್ರೆ, ಜೋರು ಗಾಳಿ ಬಂದ್ರೆ ಜರ್ಮನಿವರೆಗೂ ಹಾರಿಹೋಗ್ತಿದ್ಲು.

ಅಷ್ಟರಲ್ಲಿ ಅವಳಮ್ಮನ ಹುಟ್ಟುಹಬ್ಬ ಬಂತು. ಕುರ್ಚಿಗಳನ್ನ ಸುತ್ತ ಹಾಕಿ ಕೂತಿದ್ವಿ. ಕಾಫಿ, ತಲಾ ಒಂದೇ ತುಂಡು ಕೇಕು. ಹುಡುಗಿಯ ಸೋದರಮಾವ ಕೇಳಿದ, "ಹಿಸ್ಕೆ ಯಾವ ಶಾಲೆಗೆ?"

"ಹಾವೊಗೆ," ಅಂದ ವೀಬೆ.

ಹುಡುಗಿ ತಟ್ಟೆ ಕೆಳಗಿಟ್ಟು ಅಡುಗೆಮನೆಗೆ ಹೋದ್ಲು.

"ಏನೋ ವೀಬೆ, ಮೇಷ್ಟ್ರಿಗೂ ಆಗದ್ದು ನಿನ್ನ ನಾಲಿಗೆಗೆ ಆಯ್ತಲ್ಲೋ," ಅಂದೆ.

"ಅಜ್ಜಿ, ನಿಮಗೆ ಗೊತ್ತಾಗಲ್ಲ. ಇಷ್ಟು ವರ್ಷ ಬಂದರಲ್ಲಿ ವೆಲ್ಡಿಂಗ್ ಮಾಡಿದೀನಿ. ಈಗ್ಲೂ ನನ್ನನ್ನ ಕೆಳಗಿನ ಶಾಲೇಲಿ ಓದಿದೋನು ಅಂತಾರೆ. ಅವಳಿಗೆ ಅದು ಬೇಡ."



ಎದುರು ಕುರ್ಚೀಲಿದ್ದ ಅಲಿದಾ ಆಸ್ಪತ್ರೆ ನರ್ಸು. "ನಾನೂ ವಿಎಂಬಿಒದಲ್ಲೇ ಓದಿದ್ದು ವೀಬೆ," ಅಂದ್ಲು. "ಮೊದಲೆರಡು ವರ್ಷ ಎಲ್ಲಾನೂ ಸ್ವಲ್ಪ ಸ್ವಲ್ಪ ಕಲಿಸ್ತಾರೆ. ಆಮೇಲೆ ಒಂದು ದಾರಿ ಹಿಡೀಬೇಕು. ನಾನು ರೋಗಿಗಳ ಆರೈಕೆ ದಾರಿ ಹಿಡಿದೆ. ಅಲ್ಲಿಂದ ನರ್ಸಿಂಗ್. ಇನ್ನೂ ಓದಬೇಕು ಅನ್ನೋರಿಗೆ ಮುಂದೆ ಕಾಲೇಜೂ ಇದೆ."

"ಎಲ್ಲರಿಗೂ ನಿನ್ನ ಹಾಗೆ ಆಗುತ್ತಾ?"

"ಇಲ್ಲ. ಆದ್ರೆ ಒಗ್ಗದ ಶಾಲೆಗೆ ತಳ್ಳಿ, ಪಾಠ ಹತ್ತದೆ ವರ್ಷಾವರ್ಷ ಒಂದೊಂದು ಮೆಟ್ಟಿಲು ಇಳೀಬೇಕಾಗಿ ಬಂದ್ರೆ ಮಗು ತನ್ನ ಮೇಲಿನ ನಂಬಿಕೇನೇ ಕಳ್ಕೊಳುತ್ತೆ."

ನಾನು ವೀಬೆಗೆ ಹೇಳಿದೆ, "ನಮ್ಮ ಯಜಮಾನರು ಕೊನೇ ಚಳಿಗಾಲ ಹಾಸಿಗೆ ಹಿಡಿದಾಗ ಅವರ ಒಣಗಿದ ತುಟಿ ಒದ್ದೆ ಮಾಡ್ತಿದ್ದೋಳು ನಿನ್ನ ಮಗಳು. ನೋವಾಗದ ಹಾಗೆ ದಿಂಬು ಸರಿಮಾಡ್ತಿದ್ಲು. ಯಾರೂ ಹೇಳಿಕೊಟ್ಟಿರ್ಲಿಲ್ಲ. ಅದೇನು ಕೆಳಗಿನ ಕೆಲಸವಾ, ನೀನೇ ಹೇಳಪ್ಪ."

ಹಿಸ್ಕೆ ಅಡುಗೆಮನೆ ಬಾಗಿಲಲ್ಲಿ ನಿಂತಿದ್ಲು. "ಅಪ್ಪಾ, ಆ ಶಾಲೆ ಅಂದ್ರೆ ನಂಗೆ ನಾಚಿಕೆ ಇರ್ಲಿಲ್ಲ. ನೀನು ಸುಳ್ಳು ಹೇಳಿದ ಮೇಲೆ ಬಂತು."

ವೀಬೆ ಎದ್ದ. ನಮ್ಮಲ್ಲಿ ಹುಟ್ಟುಹಬ್ಬದ ಮನೆಗೆ ಬಂದೋರು ಒಬ್ಬೊಬ್ಬರ ಕೈಯೂ ಕುಲುಕಿ ಅಭಿನಂದನೆ ಹೇಳ್ತಾರೆ. ಅವನು ಮಗಳ ಕೈ ಹಿಡ್ಕೊಂಡು ಹಾಗೇ ಒಂದು ಸುತ್ತು ಹೊರಟ. "ನಮ್ಮ ಹಿಸ್ಕೆ ವಿಎಂಬಿಒಗೆ ಹೋಗ್ತಾಳೆ," ಅಂತ ಪ್ರತಿ ಕುರ್ಚಿ ಮುಂದೆ ನಿಂತು ಹೇಳಿದ. ಶಾಲೆ ಕೇಳಿದ್ದ ಸೋದರಮಾವನ ಹತ್ರಾನೂ ಬಂದ. ಅಲ್ಲೂ ಹೇಳಿದ. ಮಾವ ಎದ್ದು ನಿಂತು ಹುಡುಗಿ ಕೈ ಕುಲುಕಿದ.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮನೇಗೂ ಮೇಷ್ಟ್ರ ಸಲಹೆ ಬಂದಿರಬಹುದು. ಅನುಮಾನ ಇದ್ರೆ ಅವರನ್ನೇ ಕೇಳಿ. ಮಗೂನ ಕರ್ಕೊಂಡು ಹೋಗಿ ಶಾಲೆ ತೋರಿಸಿ. ನಿಂಗೇನಿಷ್ಟ ಅಂತ ಕೇಳಿ. ಕೇಳಿದ ಮೇಲೆ, ಅದು ಉತ್ತರ ಹೇಳೋವರೆಗೂ ದಯವಿಟ್ಟು ಬಾಯಿ ಮುಚ್ಕೊಂಡಿರಿ.