ನನ್ನ ಹೆಸರಿನ ಕಾರು

ನನ್ನ ಎಡಗಾಲು ಪೋಲಿಯೋದಲ್ಲಿ ಹೋದದ್ದು ಮೂರನೇ ವಯಸ್ಸಿಗೆ. ಅದರಿಂದ ಲಾಭವಾದದ್ದು ಅರವತ್ತೆರಡಕ್ಕೆ. ಅದೂ ನನಗಲ್ಲ, ತಂಗಿ ಮೈಮೂನಾಳ ಮಗ ಅಸ್ಕರನಿಗೆ.

"ಮಾಮ, ಕಾರು ನಿಮ್ಮ ಹೆಸರಲ್ಲಿ ತೆಗೆಯುವ. ಅಂಗವಿಕಲರಿಗೆ ರೋಡ್ ಟ್ಯಾಕ್ಸ್ ಇಲ್ಲ. ನಿಮ್ಗೆ ಎಲ್ಲಿಗೆ ಹೋಗ್ಲಿಕ್ಕುಂಟು ಹೇಳಿ, ನಾನು ಕರ್ಕೊಂಡು ಹೋಗ್ತೇನೆ" ಎಂದ. ನರಿಮೊಗರಿನ ಅವನ ಮನೆಯಲ್ಲಿ ಉಣ್ಣುವವನು ನಾನು. ಸಹಿ ಹಾಕಿದೆ. ಪುತ್ತೂರಿನ ಆರ್‌ಟಿಓ ಕಚೇರಿಗೆ ಮುಂದಿನ ಸೀಟಿನಲ್ಲಿ ಕೂರಿಸಿ ಕರೆದೊಯ್ದ. ಪ್ರಮಾಣಪತ್ರ, ಊರುಗೋಲು, ನಾನು, ಮೂರನ್ನೂ ನೋಡಿ ತೆರಿಗೆ ವಿನಾಯಿತಿ ಕೊಟ್ಟರು. ಬರುವಾಗ ಬಿರಿಯಾನಿಯೂ ಸಿಕ್ಕಿತು. ಆಮೇಲೆ ಎರಡು ವರ್ಷ ಆ ಕಾರಿನ ಬಾಗಿಲು ನನಗೆ ತೆರೆಯಲಿಲ್ಲ.

ಮೂರ್ಖ ನಾನು. ಆರ್‌ಟಿಓಗೆ ಹೋಗಿ ಬಂದ ಸಂಜೆಯೇ ಕೋಡಿಂಬಾಳದ ಸಫಿಯಾ ಅಕ್ಕನಿಗೆ ಫೋನು ಮಾಡಿ, "ನನ್ನ ಹೆಸರಲ್ಲಿ ಕಾರು ಬಂತು ಅಕ್ಕಾ" ಎಂದು ಕೊಚ್ಚಿಕೊಂಡಿದ್ದೆ. ಚಿಕ್ಕಂದಿನಲ್ಲಿ ನನ್ನನ್ನು ಸೊಂಟದಲ್ಲಿ ಹೊತ್ತು ಮದ್ರಸಕ್ಕೆ ಕೊಂಡುಹೋದವಳು ಅವಳು. ಖುಷಿಯಿಂದ ಅತ್ತಳು.

ಈ ಸಲ ರಂಜಾನ್ ಕಳೆದ ಮೇಲೆ ಅವಳು ಹಾಸಿಗೆ ಹಿಡಿದಳು. "ಅದ್ರಾಮ, ಒಮ್ಮೆ ಬಾ" ಎಂದು ಫೋನಿನಲ್ಲಿ ಕೇಳಿದಳು. ಬಸ್ಸು ಬದಲಿಸಿ ಹತ್ತಿಳಿಯಲು ನನ್ನಿಂದಾಗದು, ಪಿಂಚಣಿ ಮನೆಖರ್ಚಿಗೆ ಹೋಗುತ್ತದೆ. ಅಸ್ಕರನಿಗೆ ಹೇಳಿದೆ.

"ಶುಕ್ರವಾರ ಹೋಗುವ ಮಾಮ."

ಆ ಶುಕ್ರವಾರ ಅವನ ಹೆಂಡತಿಯ ಕಡೆಯ ಮದುವೆ. ಮುಂದಿನ ಶುಕ್ರವಾರ ಕಾರಿನ ಸರ್ವೀಸು. ಮೂರನೆಯದಕ್ಕೆ ನಾನೇ ಅಂಗಳಕ್ಕಿಳಿದು ಕಾರಿನ ಪಕ್ಕ ನಿಂತೆ. "ಊರುಗೋಲು ತಾಗಿಸ್ಬೇಡಿ ಮಾರಾಯ್ರೆ, ಗೀಚು ಬೀಳ್ತದೆ" ಎಂದು ಹೇಳಿ ಒಬ್ಬನೇ ಹೋದ.

ನಾಲ್ಕನೇ ಶುಕ್ರವಾರಕ್ಕೆ ಮೊದಲೇ ಅಕ್ಕ ತೀರಿಕೊಂಡಳು. ಆವತ್ತು ಕಾರು ಕೂಡಲೇ ಹೊರಟಿತು. ಎಲ್ಲರೂ ಹತ್ತಿದ ಮೇಲೆ ಹಿಂದೆ ಮೂಲೆಯಲ್ಲಿ ನನಗೂ ಜಾಗ ಸಿಕ್ಕಿತು.

ಅಕ್ಕನ ಮಗಳು ಅಮೀರಾ ಬಿಳಿ ಬಟ್ಟೆ ಸರಿಸಿ ಮುಖ ತೋರಿಸಿದಳು. ನನ್ನ ಕಡೆ ನೋಡಲಿಲ್ಲ.

"ದಾರಿಯಲ್ಲಿ ಕಾರಿನ ಸದ್ದು ಕೇಳಿದಾಗೆಲ್ಲ ಉಮ್ಮ, 'ಅದ್ರಾಮ ಬಂದನಾ ನೋಡು' ಹೇಳ್ತಿದ್ರು. 'ಅವನಿಗೆ ಕಾರು ಉಂಟಲ್ಲ, ಬರ್ತಾನೆ' ಅಂತ. ನಿನ್ನೆಯೂ ಹೇಳಿದ್ರು. ಕಾರಿದ್ದೂ ಒಮ್ಮೆ ಬರ್ಲಿಕ್ಕೆ ಆಗ್ಲಿಲ್ವಾ ಮಾಮ?"

ಬಾಗಿಲಲ್ಲಿ ಅಸ್ಕರ್ ಕೀ ಹಿಡಿದು ನಿಂತಿದ್ದ. ಎಲ್ಲವೂ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ರಾತ್ರಿ ಉಣ್ಣಲು ನಾನು ಹೋಗಬೇಕಾದದ್ದು ಅವನ ಮನೆಗೇ.

"ನನಗೆ ಪುರ್ಸೊತ್ತು ಆಗ್ಲಿಲ್ಲ ಮಗಳೇ" ಎಂದೆ.