ಅಡಿಯಲ್ಲಿರುವ ನಂಬರು

ನಮ್ಮ ಬೋಟಿನವರ ಸಂಘದಿಂದ ಹೋಗುವ ಪ್ರತಿ ಮೆಸೇಜಿನ ಅಡಿಯಲ್ಲಿ ಒಂದು ಫೋನ್ ನಂಬರು ಇರುತ್ತದೆ. ಅದು ನನ್ನದು. ಸದ್ಯಕ್ಕೆ ನಿನ್ನದೇ ಹಾಕು ಧನ್ಯಶ್ರೀ ಎಂದು ಕಾರ್ಯದರ್ಶಿ ಮಂಜಯ್ಯನವರು ಹೇಳಿದ್ದರು. ಅವರ ಆ ಸದ್ಯ ಇನ್ನೂ ಮುಗಿದಿಲ್ಲ.

ಮೆಸೇಜನ್ನು ತಾನಾಗಿ ಕಳಿಸುವ ಸ್ಕ್ರಿಪ್ಟುಗಳನ್ನು, ಅಂದರೆ ಪುಟ್ಟ ಕಂಪ್ಯೂಟರ್ ಪ್ರೋಗ್ರಾಮುಗಳನ್ನು, ಬರೆದವಳೂ ನಾನೇ. ಗಾಳಿಯ ಎಚ್ಚರಿಕೆಗೆ ಒಂದು, ಮೀನಿಗೆ ಹಾಕುವ ಐಸಿಗೆ ಒಂದು, ಡೀಸೆಲ್ಲಿಗೆ, ಮೀಟಿಂಗಿಗೆ, ಹೀಗೆ ರಾಶಿ. ಮೊದಲು ಸಂಘದ ಹೆಸರು, ಬಂದರು, ನಂಬರು ಎಲ್ಲವನ್ನೂ ಪ್ರತಿಯೊಂದರಲ್ಲೂ ಬೇರೆ ಬೇರೆ ಬರೆದಿದ್ದೆ. ಏನಾದರೂ ಬದಲಾದರೆ ಎಲ್ಲವನ್ನೂ ತೆರೆದು ತಿದ್ದಬೇಕು, ಒಂದಾದರೂ ಮರೆತುಹೋಗುವುದು ಗ್ಯಾರಂಟಿ. ಸಾಕಾಗಿ ಒಂದು ಟೆಂಪ್ಲೇಟ್ ಮಾಡಿದೆ. ಹೆಸರು, ನಂಬರಿನಂಥ ಎಲ್ಲಕ್ಕೂ ಬೇಕಾಗುವ ವೇರಿಯಬಲ್‌ಗಳು ಅದರಲ್ಲಿ, ಉಳಿದ ಸ್ಕ್ರಿಪ್ಟುಗಳು ಅಲ್ಲಿಂದಲೇ ತೆಗೆದುಕೊಳ್ಳುತ್ತವೆ. ಒಂದು ಕಡೆ ತಿದ್ದಿದರೆ ಎಲ್ಲ ಕಡೆ ಸರಿ. ನನ್ನ ಬುದ್ಧಿವಂತಿಕೆಗೆ ನಾನೇ ಖುಷಿಪಟ್ಟು ಆ ದಿನ ಇನ್ನೊಂದು ಲೋಟ ಚಾ ಕುಡಿದಿದ್ದೆ.

ನಮ್ಮವರು ಯಾರ ನಂಬರನ್ನೂ ಹೆಸರು ಹಾಕಿ ಇಟ್ಟುಕೊಳ್ಳುವುದಿಲ್ಲ. ಕೊನೆಗೆ ಬಂದ ಮೆಸೇಜು ತೆರೆದು ಅಡಿಯಲ್ಲಿ ಒತ್ತುತ್ತಾರೆ, ಅಷ್ಟೇ. ಐಸು ಬಾರದಿದ್ದರೆ ನನಗೆ ಫೋನು. ಮಂಜಯ್ಯನವರು ಎಲ್ಲಿದ್ದಾರೆ ಎಂದು ಕೇಳುವುದಕ್ಕೂ ನನಗೇ. ಸ್ನಾನಕ್ಕೆ ಹೋದರೂ ಫೋನು ಬಕೆಟ್ಟಿನ ಪಕ್ಕ ಇರಬೇಕು.

ಅಷ್ಟರಲ್ಲಿ ಬ್ರಹ್ಮಾವರದ ಒಂದು ಶಾಲೆಯಲ್ಲಿ ಕಂಪ್ಯೂಟರ್ ಟೀಚರ್ ಕೆಲಸ ಸಿಕ್ಕಿತು. ಅಲ್ಲಿ ಸಂಜೆಯ ಬೆಲ್ ಹೊಡೆಯುವವರೆಗೆ ಟೀಚರುಗಳ ಫೋನು ಹೆಡ್ ಮೇಡಮ್ಮಿನ ಕಪಾಟಿನಲ್ಲಿ. ಉಳಿದ ಟೀಚರುಗಳಿಗೆ ಇದು ಜೈಲು, ನನಗೆ ಸ್ವರ್ಗ. ಮಂಜಯ್ಯನವರಿಗೆ ಹೇಳಿ, ಅವರು ಹೂಂ ಅಂದ ಮೇಲೆಯೇ, ಟೆಂಪ್ಲೇಟಿನಲ್ಲಿ ಅವರ ನಂಬರು ಹಾಕಿದೆ. ಮರುದಿನ ಕಿರಿಮಂಜೇಶ್ವರದಲ್ಲಿ ಬಸ್ಸು ಹತ್ತಿದವಳು ಶಾಲೆ ಮುಟ್ಟುವವರೆಗೂ ಕಿಟಕಿಯಿಂದ ಹೊರಗೆ ನೋಡುತ್ತ ಕುಳಿತೆ. ಹಾಗೆ ಕುಳಿತು ಎಷ್ಟು ಕಾಲವಾಗಿತ್ತೋ.

ಆ ವಾರವೇ ನಮ್ಮ ನೆರೆಮನೆಯ ಚಂದಯ್ಯನವರ ಬೋಟಿನ ಎಂಜಿನ್ ಸಮುದ್ರದಲ್ಲಿ ನಿಂತುಹೋಯಿತು. ಬೋಟು ಕಲ್ಲಿನ ಕಡೆಗೆ ತೇಲುತ್ತಿತ್ತು. ಅವರು ಅಡಿಯ ನಂಬರು ಒತ್ತಿದರು, ಒತ್ತುತ್ತಲೇ ಇದ್ದರು. ಮಂಜಯ್ಯನವರು ಬಾರ್ಕೂರಿನಲ್ಲಿ ಮದುವೆ ಊಟಕ್ಕೆ ಕುಳಿತಿದ್ದರು, ಫೋನು ಕಾರಿನಲ್ಲಿತ್ತು. ಕೊನೆಗೆ ಉಪ್ಪುಂದದ ಬೋಟೊಂದು ಕಂಡು ಎಳೆದು ತಂದಿತು. ಅಷ್ಟರಲ್ಲಿ ಕಲ್ಲಿಗೆ ತಾಗಿ ಹಲಗೆ ಒಡೆದಿತ್ತು. ಜನ ಉಳಿದರು.

ಸಂಜೆ ಚಂದಯ್ಯನವರ ಹೆಂಡತಿ ಪ್ರಭಾವತಕ್ಕ ನಮ್ಮ ಮನೆಗೆ ಬಂದರು. ಬೈದರೆ ಏನು ಹೇಳಬೇಕೆಂದು ನಾನು ತಯಾರಾಗಿಯೇ ಇದ್ದೆ. ಅವರು ಬೈಯಲಿಲ್ಲ. ಅಮ್ಮನ ಕೈಗೆ ಬಂಗುಡೆ ಕೊಟ್ಟು ನನ್ನ ಪಕ್ಕ ಕುಳಿತರು.

"ನಿನ್ ನಂಬ್ರ ಅಂದೇಳಿಯೇ ಅವ್ರ್ ಒತ್ತಿದ್ದ್, ಹೆಣ್ಣೆ. ನೀ ಎತ್ತತ್ತೆ ಅಂದೇಳಿಯೇ ನಾವ್ ಧೈರ್ಯದಗ್ ಇಪ್ಪುದ್."

ಬೈದಿದ್ದರೆ ನಾನು ಬಚಾವಾಗುತ್ತಿದ್ದೆ, ನಾನು ಎತ್ತುತ್ತೇನೆಂಬ ಆ ಧೈರ್ಯಕ್ಕೆ ಏನು ಹೇಳಲಿ? ನನಗೆ ಸಿಟ್ಟೂ ಬಂತು, ಅಳುವೂ ಬಂತು. ಅವರು ಹೋದ ಮೇಲೆ ಮಂಜಯ್ಯನವರಿಗೆ ಫೋನು ಮಾಡಿ, ಇನ್ನು ಮುಂದೆ ಫೋನು ಕೈಯಲ್ಲೇ ಇಟ್ಟುಕೊಳ್ಳಿ ಎಂದು ಬೇಡಿಕೊಂಡೆ.

"ನಂಗ್ ಇದ್ ಆಪ್ದಲ್ಲ ಮಾರಾಯ್ತಿ. ನೀ ಹ್ಯಾಂಗೂ ಮನಿಯಗೇ ಇಪ್ಪುದಲೆ" ಎಂದರು.

ನಾನು ಹೇಗೂ ಮನೆಯಲ್ಲೇ ಇರುವವಳಂತೆ; ನನಗೆ ಕೆಲಸ ಸಿಕ್ಕಿದ್ದು ಅವರ ನೆನಪಿನಲ್ಲೇ ಇರಲಿಲ್ಲ. ಬೇರೆ ಯಾರ ನಂಬರು ಹಾಕಲಿ? ಹಗಲು ಗಂಡಸರೆಲ್ಲ ಸಮುದ್ರದಲ್ಲಿ, ಹೆಂಗಸರೆಲ್ಲ ಮೀನು ಮಾರ್ಕೆಟ್ಟಿನಲ್ಲಿ. ಅಮ್ಮನ ಮುಖ ನೋಡಿದೆ. ಅವಳು ಮೀನು ಹೆಚ್ಚುವುದಕ್ಕೆ ಕುಳಿತಳು.

ಟೆಂಪ್ಲೇಟ್ ತೆರೆದೆ. ಹಳೆಯ ಹಾಗೆ ಪ್ರತಿ ಸ್ಕ್ರಿಪ್ಟಿನಲ್ಲೂ ಬೇರೆ ಬೇರೆ ಬರೆದಿದ್ದರೆ, ತಿದ್ದುತ್ತ ತಿದ್ದುತ್ತ ಬೇಸರ ಬಂದು ಅರ್ಧಕ್ಕೆ ಬಿಡುತ್ತಿದ್ದೆನೇನೋ. ಬೆಳಿಗ್ಗೆ ಬಸ್ಸು ಹತ್ತುತ್ತಿದ್ದೆನೇನೋ. ಈಗ ಇದ್ದದ್ದು ಒಂದೇ ಸಾಲು, ಅಷ್ಟು ಸುಲಭ ಮಾಡಿಟ್ಟವಳು ನಾನೇ. ನನ್ನ ನಂಬರು ಹಾಕಿ ಸೇವ್ ಮಾಡಿದೆ. ನಾಳೆಯಿಂದ ಬರಲಾಗುವುದಿಲ್ಲ ಎಂದು ಹೆಡ್ ಮೇಡಮ್ಮಿಗೆ ಬರೆದೆ.

ಒಳಗೆ ಬಂಗುಡೆ ಹುರಿಯುವ ವಾಸನೆ ಬರುತ್ತಿತ್ತು. ಸಂಜೆಯ ಗಾಳಿ ಎಚ್ಚರಿಕೆ ಎಲ್ಲ ಬೋಟಿನವರಿಗೂ ಹೋಯಿತು. ತಕ್ಷಣ ಫೋನು ಬಂತು, ಐಸಿನ ಗಾಡಿ ಎಲ್ಲಿ ಎಂದು ಕೇಳುವುದಕ್ಕೆ. ಎತ್ತಿದೆ.